ದಿಡ್ಡಿ ಬಾಗಿಲಿನ ಅನುಮತಿ

ಅಗಸಿ ಬಾಗಿಲಿನ ಎಡಗಲ್ಲಿನ ಮೇಲೆ, ನನ್ನ ಭುಜದ ಎತ್ತರಕ್ಕೆ, ಗೇಣುದ್ದದ ಒಂದು ಬಿಳಿ ಗೆರೆ ಇತ್ತು. ಸುಣ್ಣವಲ್ಲ. ಉಗುರಿನಿಂದ ಕೆರೆದರೆ ಪುಡಿಯಾಗಲಿಲ್ಲ, ತೆಳ್ಳನೆಯ ಪೊರೆಯಾಗಿ ಎದ್ದಿತು. ವಾಹನಕ್ಕೆ ಬಳಿಯುವ ಪೇಂಟು. ಕರಿಗಲ್ಲಿನ ಒರಟು ಮೈಯ ಸಣ್ಣ ತಗ್ಗುಗಳಲ್ಲಿ ಅದು ಕೂತುಬಿಟ್ಟಿತ್ತು. ಏನೋ ಕಲ್ಲಿಗೆ ಉಜ್ಜಿಕೊಂಡು ಮುಂದೆ ಹೋಗಿದೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಎಳೆದುಕೊಂಡಿದೆ ಎಂಬುದು ಗೆರೆಯ ಎರಡೂ ತುದಿ ನೋಡಿದರೆ ತಿಳಿಯುತ್ತಿತ್ತು. ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆದೆ. ಯಾವುದರ ಬಣ್ಣವೆಂದು ಆಗ ಯಾರನ್ನೂ ಕೇಳಲಿಲ್ಲ.

ನಾನು ಸಂರಕ್ಷಣಾ ವಾಸ್ತುಶಿಲ್ಪಿ. ಹಳೆಯ ಕಟ್ಟಡಗಳನ್ನು ಅಳೆಯುವುದು, ಅವುಗಳ ಬಿರುಕು ಮತ್ತು ಸೋರಿಕೆಗಳನ್ನು ನಕ್ಷೆಗೆ ಇಳಿಸುವುದು, ಅವಕ್ಕೆ ಏನು ಮಾಡಬಹುದು, ಏನು ಮಾಡಬಾರದು ಎಂದು ವರದಿ ಬರೆಯುವುದು ನನ್ನ ಕೆಲಸ. ಕಲಬುರಗಿಯಲ್ಲಿ ಪುರಾತತ್ವ ಇಲಾಖೆಗೆ ಗುತ್ತಿಗೆಯ ಮೇಲೆ ಸೇರಿ ಅದು ಎರಡನೆಯ ವರ್ಷ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸಂರಕ್ಷಿತ ಸ್ಮಾರಕಗಳ ಬಗ್ಗೆ ಬರುವ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಒಬ್ಬರಿಗೆ ಗುಡಿಯ ಮುಂದೆ ನೆರಳಿಗೆ ತಗಡಿನ ಪತ್ರಾ ಹೊದಿಸಬೇಕು. ಇನ್ನೊಬ್ಬರಿಗೆ ಕಲ್ಲಿನ ಬಾವಿಗೆ ಗ್ರಿಲ್ ಹಾಕಬೇಕು. ಸಂರಕ್ಷಿತವೆಂದು ಘೋಷಣೆಯಾದ ಕಟ್ಟಡಕ್ಕೆ ಅನುಮತಿಯಿಲ್ಲದೆ ಒಂದು ಮೊಳೆ ಹೊಡೆದರೂ ಅಪರಾಧವೇ. ಅನುಮತಿ ಕೊಡುವುದು ಮೇಲಿನ ಸಮಿತಿ. ಕೊಡಬಹುದೇ ಎಂದು ಮೊದಲು ಹೇಳಬೇಕಾದವಳು ನಾನು.

ಈ ಅರ್ಜಿ ಆಳಂದ ತಾಲ್ಲೂಕಿನ ಒಂದು ಊರಿನಿಂದ ಬಂದಿತ್ತು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ನರೋಣಾದಲ್ಲಿ ಬಸ್ಸು ಬದಲಿಸಿ ಹೋಗಬೇಕು. ಹಳೆಯ ಊರು ಪೂರ್ತಿ ಕೋಟೆಗೋಡೆಯ ಒಳಗಿದೆ. ಒಳಗೆ ಹೋಗಲು ಇರುವುದು ಒಂದೇ ಅಗಸಿ, ಎಂದರೆ ಊರಬಾಗಿಲು. ಗೋಡೆಯೂ ಅಗಸಿಯೂ ಸಂರಕ್ಷಿತ ಸ್ಮಾರಕ. ಆನೆ, ಕುದುರೆಗಳ ದಂಡು ಒಂದೇ ಓಟಕ್ಕೆ ನುಗ್ಗದಿರಲಿ ಎಂದು ಹಿಂದಿನವರು ಈ ಬಾಗಿಲನ್ನು ಸೊಟ್ಟಗೆ ಕಟ್ಟಿದ್ದಾರೆ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಗೋಡೆ. ಎಡಕ್ಕೆ ತಿರುಗಿದರೆ ಮಾತ್ರ ಊರು. ಆ ತಿರುವಿನಲ್ಲಿ ಪಹರೆಯವರು ಕೂರುತ್ತಿದ್ದ ಎತ್ತರದ ಕಟ್ಟೆಯೊಂದಿದೆ. ಅದನ್ನು ಒಡೆದು ಆಂಬುಲೆನ್ಸ್ ತಿರುಗುವಷ್ಟು ದಾರಿ ಮಾಡಿಕೊಡಬೇಕು ಎಂಬುದು ಪಂಚಾಯಿತಿಯ ಕೋರಿಕೆ.

ಅರ್ಜಿ ಬರೆಸಿದವರು ಶಿವರಾಯಗೌಡರು. ಹಿಂದೆ ಪಂಚಾಯಿತಿ ಅಧ್ಯಕ್ಷರಾಗಿದ್ದವರು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ನಾನು ಟೇಪು ಹಿಡಿದು ಕಟ್ಟೆಯ ಸುತ್ತ ಓಡಾಡುವುದನ್ನು ಬಹಳ ಹೊತ್ತು ನೋಡಿದರು.

"ಮೇಡಂ, ಮುಂಜಾನಿಲಿಂದ ಅಳ್ಯಾಕತ್ತೀರಿ. ಅಳದ್ರ ಕಟ್ಟಿ ಸಣ್ಣದಾಗ್ತದೇನ್ರಿ?"

ಸುತ್ತ ಕೂತವರು ನಕ್ಕರು. ನಾನೂ ನಗಬೇಕಿತ್ತು. ಆದರೆ ಅಷ್ಟರಲ್ಲಿ ಕಟ್ಟೆಯ ಮೇಲಿನ ಕಮಾನಿನಲ್ಲಿ ಒಂದು ಬಿರುಕು ಕಣ್ಣಿಗೆ ಬಿದ್ದಿತ್ತು. ಕಮಾನು ತನ್ನ ಭಾರವನ್ನು ನೇರ ಕೆಳಗೆ ಇಳಿಸುವುದಿಲ್ಲ, ಎರಡೂ ಪಕ್ಕಕ್ಕೆ ಒತ್ತುತ್ತದೆ. ಆ ಒತ್ತನ್ನು ತಡೆದು ನಿಂತದ್ದು ಈ ಕಟ್ಟೆಯೇ. ಅದನ್ನು ಒಡೆದರೆ ಅಗಸಿ ಇಂದಲ್ಲ ನಾಳೆ ಕುಸಿಯುತ್ತದೆ, ಅದೂ ಯಾರದೋ ತಲೆಯ ಮೇಲೆ.

ಹಾಗೆಂದು ಹೇಳಿದೆ. ಗೌಡರು ವಾದ ಮಾಡಲಿಲ್ಲ. ಬಿಳಿ ಗೆರೆಯ ಕಡೆ ಕೈ ತೋರಿಸಿ, "ಹಂಗಾದ್ರ ಅದರ ಸಂಗಟ ಇನ್ನೊಂದು ಬೀಳ್ತದ," ಎಂದು ಎದ್ದು ಹೋದರು.

ಅದರ ಅರ್ಥ ನನಗೆ ಹೇಳಿದವರು ಗುರುಬಸಮ್ಮ. ಊರಿನ ಹಿಂಭಾಗದಲ್ಲಿ, ಉತ್ತರದ ಕೋಟೆಗೋಡೆಗೆ ಹೆಚ್ಚುಕಡಿಮೆ ಆತುಕೊಂಡಂತಿರುವ ಮನೆ ಅವರದು. ಅಗಸಿಯಿಂದ ಅಲ್ಲಿಗೆ ಹೋಗಬೇಕಾದರೆ ಮೆಟ್ಟಿಲು ಮೆಟ್ಟಿಲಾದ ಇಕ್ಕಟ್ಟಿನ ಓಣಿಗಳನ್ನು ಹತ್ತಿ ಇಳಿಯಬೇಕು. ಒಬ್ಬನೇ ಮಗ, ಸೊಸೆ ಅಶ್ವಿನಿ. ಚಹಾ ತಂದುಕೊಟ್ಟ ಅಶ್ವಿನಿ ಮತ್ತೆ ಬಸುರಿಯಾಗಿದ್ದಳು. 'ಮತ್ತೆ' ಎಂದೆನಲ್ಲ, ಅದೇ ವಿಷಯ. ಹಿಂದಿನ ವರ್ಷ ಮಳೆಗಾಲದಲ್ಲಿ, ಏಳು ತಿಂಗಳು ತುಂಬುವ ಮೊದಲೇ ಅವಳಿಗೆ ನೋವು ಬಂದಿತ್ತು. ಮಳೆಯೆಂದು ಆಂಬುಲೆನ್ಸಿನವರು ಅಗಸಿಯ ಒಳಗೇ ತರಲು ನೋಡಿದರು. ಗಾಡಿ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಊರಿಗಿದ್ದ ಒಂದೇ ಬಾಗಿಲಿಗೆ ಬಿರಡೆ ಜಡಿದಂತಾಯಿತು. ಅಶ್ವಿನಿಯನ್ನು ಮಲಗಿಸಿದ್ದ ಮಂಚವನ್ನು ಆ ಕಟ್ಟೆಯ ಮೇಲೆ ಎತ್ತಿ, ಗಾಡಿಯನ್ನು ದಾಟಿಸಿ, ಆಚೆ ಇಳಿಸುವಷ್ಟರಲ್ಲಿ ಕೂಸು ಹುಟ್ಟಿತು. ಉಳಿಯಲಿಲ್ಲ.

"ಈ ಸಲ ಬಿಪಿ ಬ್ಯಾರೆ ಅದ ಅಂದಾರವ್ವ ಡಾಕ್ಟ್ರು," ಎಂದರು ಗುರುಬಸಮ್ಮ. "ನೋವು ಸುರು ಆದ ಗಳಿಗಿಗೇ ಕಲಬುರಗಿಗಿ ತರ್ರಿ ಅಂದಾರ. ಅಗಸಿ ಮಟ ಒಯ್ಯೋದ್ರಾಗನ ಗಳಿಗಿ ಮುಗೀತದ."

"ತವರಿಗೆ ಕಳಿಸಿದರೆ?"

"ಹವಳಗಾದಾಗ ಅಪ್ಪ ಅದಾನ, ಫ್ಯಾಕ್ಟರಿ ಕೆಲಸಕ್ಕ ಹೋಗ್ತಾನ. ತಾಯಿ ಇಲ್ಲ. ತಾಯಿ ಇಲ್ಲದ ತವರಿಗಿ ಬಾಣಂತನಕ್ಕ ಹ್ಯಾಂಗ ಕಳಿಸಲಿ? ನಾ ಇಲ್ಲೇನ್ ಸತ್ತೀನೇನು?"

ಹೊರಡುವಾಗ ಅಶ್ವಿನಿ ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ಮೇಡಂ, ಆ ಬಿಳಿ ಬಣ್ಣ ಅಳಸಾಕ ಬರ್ತದೇನ್ರಿ? ಹೋಗ್ತ ಬರ್ತ ಕಾಣ್ತದ."

ಸ್ಮಾರಕದ ಕಲ್ಲನ್ನು ಉಜ್ಜುವುದಕ್ಕೂ ಅನುಮತಿ ಬೇಕು ಎಂದೆ. ಹೇಳಿದ್ದು ನಿಜವೇ. ಬಸ್ಸು ಹತ್ತಿ ಕೂತ ಮೇಲೂ ಆ ಮಾತು ಬಾಯಲ್ಲಿ ಕಹಿಯಾಗಿಯೇ ಉಳಿಯಿತು.

ಆ ವಾರ ನನಗೆ ಕುರ್ಚಿಯಲ್ಲಿ ಕೂತು ಕೆಲಸ ಮಾಡಲು ಆಗಲಿಲ್ಲ. ಜೇವರ್ಗಿಯ ಇನ್ನೊಂದು ಕಡತ ತೆರೆದಿಟ್ಟುಕೊಂಡು ಈ ಊರಿನ ನಕ್ಷೆ ನೋಡುತ್ತಿದ್ದೆ. ಕಟ್ಟೆ ಒಡೆಯುವುದು ಬೇಡ ಎಂದು ಒಂದೇ ಪುಟದ ವರದಿ ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು, ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಸಹಿ ಹಾಕಲು ಪೆನ್ನು ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ. ಕೊನೆಗೆ ಮೇಲಧಿಕಾರಿಗೆ ಇನ್ನೊಮ್ಮೆ ಸ್ಥಳ ನೋಡಬೇಕೆಂದು ಹೇಳಿ ಮತ್ತೆ ನರೋಣಾ ಬಸ್ಸು ಹತ್ತಿದೆ.

ಈ ಸಲ ಗೋಡೆಯ ಹೊರಗಿನಿಂದ ಪೂರ್ತಿ ಸುತ್ತು ಹಾಕಿದೆ. ಉತ್ತರಕ್ಕೆ, ಗುರುಬಸಮ್ಮನ ಮನೆಯ ನೇರಕ್ಕೆ, ಗೋಡೆಯ ಒಂದು ಭಾಗದ ಕಲ್ಲುಗಳು ಬೇರೆಯಾಗಿ ಕಂಡವು. ಉಳಿದ ಗೋಡೆಯಲ್ಲಿ ಗಾರೆ ಹಾಕಿ ಒಂದರೊಳಗೊಂದು ಹೆಣೆದ ಕೆತ್ತನೆಗಲ್ಲು. ಇಲ್ಲಿ ಮಾತ್ರ ಕೆಸರಿನಲ್ಲಿ ಒಟ್ಟಿದ ಗುಂಡುಕಲ್ಲು. ಎರಡೂ ಪಕ್ಕದಲ್ಲಿ ನೇರವಾದ ಸಂದು, ಮೇಲೆ ಹಾಸುಗಲ್ಲಿನ ತೊಲೆ. ಇದು ಮುಚ್ಚಿದ ಬಾಗಿಲು. ಕೋಟೆಗಳಿಗೆ ಹಿಂಬದಿಯಲ್ಲಿ ಇಂಥ ಒಂದು ಸಣ್ಣ ಬಾಗಿಲು ಇರುತ್ತದೆ, ದಿಡ್ಡಿ ಬಾಗಿಲು ಎನ್ನುತ್ತಾರೆ. ಗಾಡಿ ಹೋಗುವಷ್ಟು ಅಗಲವಿಲ್ಲ. ಸ್ಟ್ರೆಚರ್ ಸಲೀಸಾಗಿ ಹೋಗುತ್ತದೆ. ಆಂಬುಲೆನ್ಸ್ ಒಳಗೆ ಬರಬೇಕಾಗಿಯೇ ಇಲ್ಲ, ಅಶ್ವಿನಿ ಹೊರಗೆ ಬಂದರೆ ಸಾಕು.

ಗೋಡೆಯ ಹೊರಗೆ, ದಿಡ್ಡಿಯ ಎದುರಿಗೇ ಬೌದ್ಧರ ಓಣಿ, ಎಂದರೆ ಬೌದ್ಧಧರ್ಮ ಸ್ವೀಕರಿಸಿದ ದಲಿತರ ಕೇರಿ. ಅಲ್ಲಿಗೆ ಮುಖ್ಯರಸ್ತೆಯಿಂದ ಒಳ್ಳೆಯ ಸಿಮೆಂಟ್ ರಸ್ತೆ ಇದೆ. ಆ ಓಣಿಯ ಮಿಲಿಂದ ಮಾಸ್ತರರು ಶಾಲೆ ಮುಗಿಸಿ ಬರುತ್ತಿದ್ದವರು ನನ್ನನ್ನು ಕಂಡು ಬೈಕು ನಿಲ್ಲಿಸಿದರು. ಯೋಚನೆಯನ್ನು ವಿವರಿಸಿದೆ. ನಿಮ್ಮ ಓಣಿಯವರ ಅಡ್ಡಿಯಿಲ್ಲವೇ ಎಂದು ಕೇಳಿದೆ.

"ನಮಗೇನ್ ಅಡ್ಡಿರಿ? ಗಾಡಿ ಬರಲಿ, ತಿರುಗಾಕ ಜಾಗಾನೂ ಅದ," ಎಂದರು. ಬೈಕು ಸ್ಟಾರ್ಟ್ ಮಾಡಿ ಮತ್ತೆ ಆರಿಸಿದರು. "ಖರೇ, ಒಳಗಿನವ್ರು ಈ ಕಡಿ ಬರ್ತಾರೇನು, ಅದು ಮೊದಲ ಕೇಳ್ರಿ."

ಹಾಗೇಕೆ ಅಂದರು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಆ ವಾರದಲ್ಲೇ ನಕ್ಷೆ ಮುಗಿಸಿದೆ. ಕೆಸರುಕಲ್ಲಿನ ಮುಚ್ಚುಗೆಯನ್ನು ಒಂದೊಂದೇ ಕಲ್ಲಿಗೆ ಸಂಖ್ಯೆ ಹಾಕಿ ಬಿಚ್ಚಿ, ಪಕ್ಕದಲ್ಲೇ ಜೋಡಿಸಿಡುವುದು. ಹೊರಗಡೆ ನೆಲ ತಗ್ಗಿರುವುದರಿಂದ ಪರಸಿ ಚಪ್ಪಡಿಕಲ್ಲಿನ ಇಳಿಜಾರು. ಅದಕ್ಕೆ ಸಿಮೆಂಟು ಇಲ್ಲ, ಒಣ ಜೋಡಣೆ. ಹಳೆಯ ಗೋಡೆಗೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು. ನಾಳೆ ಯಾರಿಗಾದರೂ ಬೇಡವೆನಿಸಿದರೆ ಗೋಡೆಗೆ ಗಾಯವಾಗದಂತೆ ತೆಗೆಯಬಹುದು. ನಮ್ಮ ವೃತ್ತಿಯಲ್ಲಿ ಯಾವ ಸೇರ್ಪಡೆಗಾದರೂ ಮೊದಲ ನಿಯಮ ಇದು. ಹಿಂತಿರುಗಿಸಲು ಬಾರದ್ದನ್ನು ಮಾಡಬಾರದು.

ಸಮಿತಿಯ ಮುಂದೆ ಹಿರಿಯರೊಬ್ಬರು ಕೇಳಿದರು: "ಬಾಗಿಲು ಮುಚ್ಚಿದ್ದೂ ಈಗ ಇತಿಹಾಸವೇ ಅಲ್ಲವೇ? ಅದನ್ನು ಬಿಚ್ಚಲು ನಾವು ಯಾರು?"

ಒಳ್ಳೆಯ ಪ್ರಶ್ನೆ. ರಜಾಕಾರರ ಗದ್ದಲದ ಕಾಲದಲ್ಲಿ ಊರವರು ಹೆದರಿ ಅದನ್ನು ಮುಚ್ಚಿದ್ದರೆಂದು ಕೇಳಿದ್ದೆ. ಹಾಗೆಯೇ ಹೇಳಿದೆ. ಹೆದರಿಕೆಯ ಗುರುತನ್ನು ಚಿತ್ರದಲ್ಲೂ ಅಳತೆಯಲ್ಲೂ ಪೂರ್ತಿ ದಾಖಲಿಸುತ್ತೇವೆ, ಒಂದು ಕಲ್ಲೂ ಹೊರಗೆ ಹೋಗುವುದಿಲ್ಲ, ಆದರೆ ಗೋಡೆಯೊಳಗೆ ಇನ್ನೂ ಜನ ಇದ್ದಾರೆ ಎಂದೆ. ಅವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಾತ್ವಿಕ ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ. ಗ್ರಾಮಸಭೆ ಒಪ್ಪಿ ಠರಾವು ಮಾಡಿ ಕಳಿಸಬೇಕು. ಅದೊಂದು ಕೇವಲ ಔಪಚಾರಿಕ ಕೆಲಸವೆಂದು ನಾನು ಎಣಿಸಿದ್ದೆ.

ಗ್ರಾಮಸಭೆ ಪಂಚಾಯಿತಿ ಕಚೇರಿಯ ಮುಂದೆ ಸೇರಿತು. ನಕ್ಷೆಯನ್ನು ಗೋಡೆಗೆ ಅಂಟಿಸಿ ವಿವರಿಸಿದೆ. ಅಶ್ವಿನಿಯ ಹೆಸರು ಹೇಳಲಿಲ್ಲ. ಮಾತು ಮುಗಿಸಿದಾಗ ಶಿವರಾಯಗೌಡರು ಎದ್ದು ನಿಂತರು.

"ಮೇಡಂ, ನೀವು ಕಲ್ತವ್ರು, ನಿಮ್ಮ ಲೆಕ್ಕ ಖರೇ ಇರ್ಬೇಕು. ದಿಡ್ಡಿ ಯಾತಕ್ಕಿತ್ತು ಅಂಬೋದು ಗೊತ್ತದೇನ್ರಿ?"

ಗೊತ್ತಿರಲಿಲ್ಲ.

"ಈ ಊರಾಗ ಹೆಣ ಅಗಸಿಲಿಂದ ಹೋಗಂಗಿಲ್ಲಾಗಿತ್ತು. ದಿಡ್ಡಿಲಿಂದನ ಹೊರಗ. ಬರೇ ಹೆಣಕ್ಕಂತ ಆ ಬಾಗಲ. ಬಸುರಿ ಹೆಣ್ಣಮಗಳನ್ನ ಮಲಗಿಸ್ಕೊಂಡು, ನಾಕು ಮಂದಿ ಹೊತ್ಕೊಂಡು, ಆ ಬಾಗಲಿಲಿಂದ ಹೊರಗ ಒಯ್ಯೋದಂದ್ರ ಏನ್ರಿ? ಹೋದ ವರ್ಷ ಆ ಮಂಚಕ್ಕ ನಾನೂ ಹೆಗಲ ಕೊಟ್ಟೇನಿ. ಮತ್ತ ನನ್ನ ಕೈಲಿ ಆಗಂಗಿಲ್ಲ. ಕಟ್ಟಿ ಒಡೀರಿ, ಇಲ್ಲಾ ಬಿಡ್ರಿ."

ಮಾತಿನಲ್ಲಿ ಸುಳ್ಳಿರಲಿಲ್ಲ. ಅವರ ಹಿಂದೆ ಕೂತವರಲ್ಲಿ ಒಬ್ಬ, "ಅಲ್ಲದ ಆ ಓಣಿ ಹಾಯ್ದು..." ಎಂದು ಆರಂಭಿಸಿದವನು ಮಿಲಿಂದ ಮಾಸ್ತರರನ್ನು ಕಂಡು ನಿಲ್ಲಿಸಿದ. ಮಾಸ್ತರರು ನನ್ನ ಕಡೆ ನೋಡಿದರು. ಅವರು ಅಂದು ಬೈಕು ಆರಿಸಿ ಹೇಳಿದ ಮಾತು ಆಗ ನನಗೆ ಅರ್ಥವಾಯಿತು. ನನ್ನ ನಕ್ಷೆಯಲ್ಲಿ ಇಳಿಜಾರಿನ ಕೋನ ಇತ್ತು, ಕಲ್ಲಿನ ದಪ್ಪ ಇತ್ತು. ಇದು ಇರಲಿಲ್ಲ.

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಗುರುಬಸಮ್ಮ ಎದ್ದರು. ಎದ್ದವರು ಮೊದಲು ಸೆರಗು ಸರಿಮಾಡಿಕೊಂಡರು.

"ಗೌಡ್ರ, ಒಂದು ಮಾತು ಕೇಳ್ತೀನಿ. ದಿಡ್ಡಿ ಮುಚ್ಚಿದ ಮ್ಯಾಲ ಈ ಊರಾಗ ಯಾರೂ ಸತ್ತಿಲ್ಲೇನು?"

ಯಾರೋ ಕಿಸಕ್ಕೆಂದರು.

"ನಮ್ಮತ್ತಿ ಸತ್ಲು, ನಮ್ಮ ಮಾವ ಸತ್ತ, ನಿಮ್ಮಪ್ಪ ಸತ್ತ. ಎಲ್ಲಾರೂ ಅಗಸಿಲಿಂದನ ಹೋದ್ರು. ನಾ ಮದಿವ್ಯಾಗಿ ಬಂದದ್ದೂ ಅದ ಅಗಸಿಲಿಂದ. ನಿಮ್ಮ ಸೊಸ್ತೇರು ಬಂದದ್ದೂ ಅದರಾಗಿಂದನ. ಆಗ ಅಗಸಿಗಿ ಹೆಣ ಹತ್ಲಿಲ್ಲ, ಈಗ ದಿಡ್ಡಿಗಿ ಹತ್ತೇದೇನು?"

"ಅದು ಬ್ಯಾರೆ, ಗುರುಬಸವ್ವ," ಎಂದರು ಗೌಡರು.

"ಏನ್ ಬ್ಯಾರೆ? ಬಸವ ಜಯಂತಿ ದಿನ ಮೈಕ್ ಹಿಡದು ನಮ್ಮೊಳಗ ಸೂತಕಿಲ್ಲ, ಹುಟ್ಟಿದ್ದಕ್ಕಿಲ್ಲ, ಸತ್ತಿದ್ದಕ್ಕಿಲ್ಲ, ಜಾತಿಗಿಲ್ಲ ಅಂತ ಭಾಷಣ ಮಾಡಾವ್ರು ಯಾರು? ನೀವ ಅಲ್ಲ? ನಾ ಮುಂದ ಕುಂತು ಕೇಳ್ತೀನಿ, ಚಪ್ಪಾಳಿನೂ ಬಡೀತೀನಿ. ಮೈಕ್ ಬಂದ್ ಮಾಡಿದ ಕೂಡ್ಲೆ ಸೂತಕ ಬರ್ತದೇನು? ಮತ್ತ ಮಲಗಿಸಿ ಒಯ್ಯೋದು ಅಂದ್ರಿ. ನಮ್ಮ ಮಂದಿ ಹೆಣ ಕುಂದರ್ಸಿ ಒಯ್ತಾರ್ರಿ, ಮಲಗಿಸಿ ಅಲ್ಲ. ನನ್ನ ಸೊಸಿನ್ನ ಮಲಗಿಸೇ ಒಯ್ಯಲಿ. ನೋಡಿದವರಿಗಿ ಜೀವಂತ ಅದಾಳ ಅಂತ ತಿಳೀತದ."

ಈ ಸಲ ನಗು ಜೋರಾಗಿಯೇ ಬಂತು. ಗೌಡರ ಮುಖದಲ್ಲೂ ಏನೋ ಸಡಿಲಾದಂತೆ ಕಂಡಿತು. ಆದರೆ ಕೂರಲಿಲ್ಲ.

ಗುರುಬಸಮ್ಮ ದನಿ ತಗ್ಗಿಸಿದರು. "ನಿಮಗ ಅಂಜಿಕಿ ಅದ, ನನಗೂ ಅದ. ಹೊರಗ ಹೋಗೋ ಮೊದಲ ಒಳಗ ಬರೋಣು. ನನ್ನ ಸೊಸಿ ಕುಬಸ ಇನ್ನೂ ಆಗಿಲ್ಲ. ಒಂಬತ್ತರಾಗ ಮಾಡ್ತೀನಿ. ಹವಳಗಾದವರ ಬುತ್ತಿ ದಿಡ್ಡಿಲಿಂದನ ಒಳಗ ಬರಲಿ. ಮುಂದ ನಾ ನಿಲ್ತೀನಿ."

ನಮ್ಮ ಕಡೆ ಬಸುರಿಗೆ ತವರಿನವರು ಸೀರೆ, ಕುಪ್ಪಸ, ರೊಟ್ಟಿ ಬುತ್ತಿ ತಂದು ಉಡಿ ತುಂಬುವ ಕಾರ್ಯಕ್ಕೆ ಕುಬಸ ಎನ್ನುತ್ತಾರೆ. ಅದಕ್ಕಿಂತ ಶುಭವಾದದ್ದು ಯಾವ ಬಾಗಿಲಿನಿಂದಲೂ ಒಳಗೆ ಬರಲಾರದು. ಸಭೆಯ ಹೆಂಗಸರಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ಮಿಲಿಂದ ಮಾಸ್ತರರು ಎದ್ದು, "ಬುತ್ತಿ ತಂದವರಿಗಿ ನೀರು, ಚಹಾ ನಮ್ಮ ಓಣ್ಯಾಗ," ಎಂದಷ್ಟೇ ಹೇಳಿ ಕೂತರು. ಗೌಡರು ಪರವಾಗಿ ಕೈ ಎತ್ತಲಿಲ್ಲ, ವಿರೋಧಕ್ಕೂ ಎತ್ತಲಿಲ್ಲ. ಠರಾವು ಪಾಸಾಯಿತು.

ಆಮೇಲಿನ ದಿನಗಳು ನನಗೆ ಈಗಲೂ ಸುಸ್ತು ತರಿಸುತ್ತವೆ. ಹೊಟ್ಟೆಯೊಳಗಿನ ಕೂಸಿಗೆ ತನ್ನ ವೇಳೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಠರಾವಿನ ಪ್ರತಿಯನ್ನು ಟಪಾಲಿಗೆ ಹಾಕದೆ ನಾನೇ ಒಯ್ದೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದೆಯೇ ನಿಂತಿರುತ್ತಿದ್ದೆ. ಗುಮಾಸ್ತರೊಬ್ಬರು ನನ್ನನ್ನು ನೋಡಿದ ಕೂಡಲೇ, "ಬಂದ್ರಲ್ಲ ಬಾಣಂತಿ ಕಡಿಯವ್ರು," ಎನ್ನತೊಡಗಿದರು. ಊಟದ ಡಬ್ಬಿ ಎಷ್ಟೋ ದಿನ ಹಾಗೆಯೇ ವಾಪಸು ಬಂತು. ಫೋನು ಸದ್ದಾದರೆ ಊರಿನಿಂದ ಬಂತೇನೋ ಎಂದು ಮೊದಲು ಹೆಸರು ನೋಡುತ್ತಿದ್ದೆ.

ಅಂತಿಮ ಅನುಮತಿಯ ಪಟ್ಟಿಗೆ ನಾನು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ: ಅಗಸಿಯ ಎಡಗಲ್ಲಿನ ಮೇಲಿನ ಬಣ್ಣದ ಕಲೆಯ ನಿವಾರಣೆ. ಯಾರೂ ಏನೂ ಕೇಳಲಿಲ್ಲ.

ಅನುಮತಿ ಬಂತು. ಕಲ್ಲು ಬಿಚ್ಚುವ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ದಿಡ್ಡಿಯ ಮುಂದೆಯೇ ನಿಂತೆ. ಕೊನೆಯ ಸಾಲು ತೆಗೆದಾಗ ಒಳಗಿನ ಗಾಳಿ ಹೊರಗೆ ಬಂತು, ಗುರುಬಸಮ್ಮನ ಅಡುಗೆಮನೆಯ ಹೊಗೆಯ ವಾಸನೆಯೊಡನೆ. ಮೇಲಿನ ತೊಲೆಗಲ್ಲು ಗಟ್ಟಿಯಾಗಿತ್ತು. ಆದರೂ ನಂಬಿಕೆ ಸಾಲದೆ ಅದರ ಸಂದಿಗೆ ಗಾಜಿನ ಪಟ್ಟಿ ಅಂಟಿಸಿದೆ. ಕಲ್ಲು ಕೂದಲೆಳೆಯಷ್ಟು ಸರಿದರೂ ಆ ಗಾಜು ಒಡೆದು ಹೇಳುತ್ತದೆ.

ಕುಬಸಕ್ಕೆ ನನ್ನನ್ನೂ ಕರೆದಿದ್ದರು. ಹವಳಗಾದಿಂದ ಟಂಟಂ ಆಟೊದಲ್ಲಿ ಬಂದವರು ಬೌದ್ಧರ ಓಣಿಯಲ್ಲಿ ಇಳಿದರು. ಮಾಸ್ತರರ ಮನೆಯ ಮುಂದೆ ಚಹಾ ಆಯಿತು. ಕೆಲವರು ಕುಡಿದರು, ಕೆಲವರು ನೀರಡಿಕೆ ಇಲ್ಲ ಎಂದರು. ಎಲ್ಲವೂ ಒಂದೇ ದಿನಕ್ಕೆ ಬದಲಾಯಿತೆಂದು ಬರೆಯಲಾರೆ. ಆಮೇಲೆ ಅಶ್ವಿನಿಯ ಅಪ್ಪ ತಲೆಯ ಮೇಲೆ ಬುತ್ತಿಯ ಗಂಟು ಹೊತ್ತು ಪರಸಿ ಇಳಿಜಾರು ಹತ್ತಿದರು. ಮೇಲೆ ಹೊಸ್ತಿಲಲ್ಲಿ ಆರತಿ ಹಿಡಿದು ಗುರುಬಸಮ್ಮ ನಿಂತಿದ್ದರು.

"ಬಗ್ರಿ ಬೀಗರ, ತಲಿ ಬಡದೀತು," ಎಂದರು. "ಸರಕಾರದ ಕಲ್ಲು ಅದು, ಒಡದ್ರ ಈ ಮೇಡಂ ಕೇಸ್ ಹಾಕ್ತಾಳ."

ಹದಿನೈದು ದಿನ ಕಳೆದಿರಬಹುದು. ನಾನು ಜೇವರ್ಗಿಯಲ್ಲಿ ಇನ್ನೊಂದು ಗೋಡೆಯನ್ನು ಅಳೆಯುತ್ತಿದ್ದೆ. ಮಧ್ಯಾಹ್ನ ಮಿಲಿಂದ ಮಾಸ್ತರರ ಫೋನು ಬಂತು. ಅಶ್ವಿನಿಗೆ ನೋವು ಸುರುವಾಗಿದೆ, ಆಂಬುಲೆನ್ಸ್ ಓಣಿಗೆ ಬಂದು ಹೊರಟೂ ಹೋಯಿತು. ಸ್ಟ್ರೆಚರ್ ದಿಡ್ಡಿ ದಾಟಿದ್ದು ತಿಳಿಯಲೇ ಇಲ್ಲ, ಅಷ್ಟು ಬೇಗ ಆಯಿತು ಎಂದರು. ಬಳಿಕ, "ಮುಂದಿನ ಬಾಜು ಗೌಡ್ರು ಹಿಡದಿದ್ರು ನೋಡ್ರಿ," ಎಂದು ಸೇರಿಸಿದರು.

ಅಲ್ಲಿಂದ ಸಂಜೆಯವರೆಗೆ ನಾನು ಅಳೆದ ಅಳತೆಗಳೆಲ್ಲ ತಪ್ಪಿದವು. ಮರುವಾರ ಅವನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ದೀಪ ಹಚ್ಚುವ ಹೊತ್ತಿಗೆ ಗುರುಬಸಮ್ಮ ಫೋನು ಮಾಡಿದರು. ಹಿಂದಿನಿಂದ ಆಸ್ಪತ್ರೆಯ ಗದ್ದಲ.

"ಹೆಣ್ಣು ಹುಟ್ಯಾದವ್ವ. ಇಬ್ಬರೂ ಆರಾಮ ಅದಾರ. ಕೂಸಿನ ದನಿ ನನ್ನಕಿಂತ ಜೋರದ."

ಹಳೆಯ ಕಟ್ಟಡಕ್ಕೆ ಏನನ್ನಾದರೂ ಸೇರಿಸಲು ಹೊರಟಾಗ ನಾನು ಈಗ ಮೊದಲು ಕೇಳುವುದು ಅದರ ಅಗಲ, ಎತ್ತರಗಳನ್ನಲ್ಲ. ಇದರಲ್ಲಿ ಯಾರು ಬರುತ್ತಿದ್ದರು, ಯಾರು ಹೋಗುತ್ತಿದ್ದರು, ಯಾರನ್ನು ಬಿಡುತ್ತಿರಲಿಲ್ಲ ಎಂದು ಕೇಳುತ್ತೇನೆ. ಸಮಿತಿ ಕೊಡುವ ಅನುಮತಿಯಿಂದ ಕಲ್ಲು ತೆಗೆಯಬಹುದು. ಆ ಬಾಗಿಲಿನಲ್ಲಿ ಕಾಲಿಡುವ ಅನುಮತಿಯನ್ನು ಊರು ತನಗೆ ತಾನೇ ಕೊಟ್ಟುಕೊಳ್ಳಬೇಕು. ಅದಕ್ಕೆ ಬೇಕಾದ ಮಾತು ನನ್ನ ಹತ್ತಿರ ಇರಲಿಲ್ಲ, ಗುರುಬಸಮ್ಮನ ಹತ್ತಿರ ಇತ್ತು.

ಕೂಸು ಹುಟ್ಟಿದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನರೋಣಾಕ್ಕೆ ಹೋಗಿ, ಅಲ್ಲಿಂದ ಊರಿಗೆ ಹೋದೆ. ದಿಡ್ಡಿಯ ತೊಲೆಯ ಸಂದಿನಲ್ಲಿದ್ದ ಗಾಜಿನ ಪಟ್ಟಿಯನ್ನು ನೋಡಿದೆ, ಒಡೆದಿರಲಿಲ್ಲ. ಆಮೇಲೆ ಅಗಸಿಗೆ ಬಂದು, ಚೀಲದಿಂದ ಹತ್ತಿಯನ್ನೂ ಅಸಿಟೋನ್ ಬಾಟಲಿಯನ್ನೂ ತೆಗೆದೆ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಕಲ್ಲಿನ ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಉಜ್ಜಬಾರದು, ಹತ್ತಿಯನ್ನು ಹೊರಳಿಸಬೇಕು. ಬಿಳಿ ಗೆರೆ ಒಂದು ತುದಿಯಿಂದ ಕರಗುತ್ತ ಬಂತು. ತಗ್ಗುಗಳಲ್ಲಿ ಕೂತದ್ದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಹೊಲಕ್ಕೆ ಹೊರಟವರು ನನ್ನ ಬೆನ್ನ ಹಿಂದೆ ಹಾಯ್ದು ಹೋಗುತ್ತಿದ್ದರು. ಕೊನೆಯ ಹತ್ತಿಯ ಮೇಲೆ ಏನೂ ಅಂಟದಿದ್ದಾಗ, ಅದೇ ಜಾಗದಲ್ಲಿ ಮತ್ತೆ ಸ್ಕೇಲು ಹಿಡಿದು ಒಂದು ಫೋಟೊ ತೆಗೆದೆ.